ಬಾದಾಮಿಯ ತೋಟದಲ್ಲಿ ಜೇನ್ನೊಣ

ಮದುವೆಯ ಮನೆಯಲ್ಲಿ ಬಾದಾಮಿಯ ಹಾಲನ್ನು ಕುಡಿಯುವಾಗಲಾಗಲಿ, ಪಾಯಸದ ಬಟ್ಟಲಿನಲ್ಲಿ ತೇಲುವ ಬಾದಾಮಿಯ ಚೂರನ್ನು ಹುಡುಕುವಾಗಲಾಗಲಿ, ಇದು ಎಲ್ಲಿಂದ ಬಂದಿತು, ಹೇಗೆ ಕಾಯಾಯಿತು ಎಂಬ ಪ್ರಶ್ನೆ ನಮ್ಮಲ್ಲಿ ಬಹುಮಂದಿಗೆ ಏಳುವುದೇ ಇಲ್ಲ. ಹಿಂದೆ ಬಾದಾಮಿಯೆಂದರೆ ಕಾಬೂಲಿನ ವರ್ತಕನ ನೆನಪಾಗುತ್ತಿದ್ದಿತು. ಇಂದು ಪ್ರಪಂಚದಲ್ಲಿ ಬೆಳೆಯುವ ಬಾದಾಮಿಯ ನೂರರಲ್ಲಿ ಸುಮಾರು ೮೦ ಪಾಲು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತವೊಂದರಲ್ಲೇ ಬೆಳೆಯುತ್ತದೆ. ಅದನ್ನು ಅಧಿಕವಾಗಿ ಕೊಳ್ಳುವ ದೇಶಗಳಲ್ಲಿ ನಮ್ಮದು ಮುಂದಿದೆ. ಆ ಪ್ರಾಂತದ ನಡುವೆ ಉತ್ತರದಕ್ಷಿಣವಾಗಿ ಚಾಚಿಕೊಂಡಿರುವ ದೊಡ್ಡ ಕಣಿವೆಯಲ್ಲಿ ಹದಿಮೂರು ಲಕ್ಷ ಎಕರೆಗೂ ಮಿಕ್ಕಿ ಬಾದಾಮಿಯ ತೋಟಗಳಿವೆ. ಪ್ರತಿವರ್ಷ ಫೆಬ್ರವರಿಯ ನಡುವಿನಲ್ಲಿ ಈ ಮರಗಳೆಲ್ಲ, ಎಲೆ ಚಿಗುರುವುದಕ್ಕೂ ಮುಂಚೆಯೇ, ನಸುಗೆಂಪು ಬೆರೆತ ಬಿಳಿಯ ಹೂಗಳಿಂದ ತುಂಬಿಹೋಗುತ್ತವೆ. ಮೂರು ನಾಲ್ಕು ವಾರಗಳಲ್ಲಿ ಹೂವಿನ ಕಾಲ ಮುಗಿಯುತ್ತದೆ. ಆ ವರ್ಷದ ಬೆಳೆ ಎಷ್ಟೆಂಬುದು ಆ ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ನಿಶ್ಚಯವಾಗಿಬಿಡುತ್ತದೆ. ಅದನ್ನು ನಿಶ್ಚಯಿಸುವುದು ತೋಟದ ಯಜಮಾನನಲ್ಲ, ಒಂದು ಸಣ್ಣ ನೊಣ.

ಬಾದಾಮಿಯ ಹೂವನ್ನು ಸ್ವಲ್ಪ ಪರೀಕ್ಷಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಐದು ದಳಗಳು; ನಡುವೆ ಮೂವತ್ತರ ಆಸುಪಾಸಿನಲ್ಲಿ ಕೇಸರಗಳು; ಅವುಗಳ ಮಧ್ಯದಲ್ಲಿ ಒಂದೇ ಒಂದು ಶಲಾಕೆ. ಶಲಾಕೆಯ ತುದಿಯ ಮೇಲೆ ಪರಾಗದ ಕಣವೊಂದು ಬಿದ್ದು, ಅದರಿಂದ ಸೂಕ್ಷ್ಮವಾದ ನಾಳವೊಂದು ಬೆಳೆದು, ಕೆಳಗಿರುವ ಅಂಡಾಶಯವನ್ನು ಹೊಕ್ಕು ಅಂಡಕವನ್ನು ಸೇರಿದರೆ ಬೀಜ ಕಟ್ಟುತ್ತದೆ. ಕೇಸರವೂ ಶಲಾಕೆಯೂ ಒಂದೇ ಹೂವಿನಲ್ಲಿ ಬೆರಳು ತಾಗುವಷ್ಟು ಹತ್ತಿರದಲ್ಲಿರುವಾಗ ಇದಕ್ಕೆ ನೊಣವೇಕೆ ಎಂದು ವಾಚಕರು ಕೇಳಬಹುದು. ಬಾದಾಮಿಯ ವಿಶೇಷವಿರುವುದು ಇಲ್ಲಿಯೇ. ತನ್ನ ಹೂವಿನ ಪರಾಗ ತನಗೆ ಆಗದು. ಸ್ವಂತ ಪರಾಗದಿಂದ ಬೆಳೆದ ನಾಳವು ಶಲಾಕೆಯೊಳಗೆ ಸ್ವಲ್ಪ ದೂರ ಇಳಿದು ಅಲ್ಲಿಯೇ ನಿಂತುಹೋಗುತ್ತದೆ. ಶಲಾಕೆಯಲ್ಲಿ ಉತ್ಪನ್ನವಾಗುವ ಒಂದು ಕಿಣ್ವವು ಸ್ವಜಾತಿಯ ನಾಳವನ್ನು ಗುರುತಿಸಿ ಅದರ ಆರ್.ಎನ್.ಎ.ಯನ್ನು ಕತ್ತರಿಸಿಹಾಕುವುದೇ ಇದಕ್ಕೆ ಕಾರಣ. ಸಗೋತ್ರದಲ್ಲಿ ಸಂಬಂಧ ಬೇಡವೆಂಬ ನಿಯಮವನ್ನು ಈ ಮರವು ನಮ್ಮ ಹಿರಿಯರಿಗಿಂತ ಬಿಗಿಯಾಗಿ ಪಾಲಿಸುತ್ತದೆಯೆನ್ನಬಹುದು.

ಪಕ್ಕದ ಮರದ ಪರಾಗವನ್ನಾದರೂ ತರಬಾರದೆ? ಪಕ್ಕದ ಮರವೂ ಅದೇ ತಳಿಯದಾದರೆ ಪ್ರಯೋಜನವಿಲ್ಲ. ಕ್ಯಾಲಿಫೋರ್ನಿಯದ ತೋಟಗಳಲ್ಲಿ ಪ್ರಧಾನವಾದ ತಳಿ ನಾನ್‌ಪರೇಲ್ ಎಂಬುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಯ ತೋಟಗಾರನೊಬ್ಬನು ಆಯ್ದ ಒಂದು ಸಸಿಯಿಂದ ಕಸಿಯ ಮೂಲಕವೇ ಇದು ಹರಡಿತು. ಆದಕಾರಣ ಲಕ್ಷಾಂತರ ಎಕರೆಗಳಲ್ಲಿರುವ ನಾನ್‌ಪರೇಲ್ ಮರಗಳೆಲ್ಲವೂ ಜೀವಶಾಸ್ತ್ರದ ದೃಷ್ಟಿಯಿಂದ ಒಂದೇ ಮರ! ಈ ತೊಡಕನ್ನು ಬಿಡಿಸಲು ಒಂದು ಸಾಲು ನಾನ್‌ಪರೇಲ್, ಅದರ ಪಕ್ಕದ ಸಾಲಿನಲ್ಲಿ ಕಾರ್ಮೆಲ್, ಮಾಂಟೆರೆ, ಬ್ಯೂಟ್ ಮೊದಲಾದ ಬೇರೆ ತಳಿಗಳು, ಹೀಗೆ ನೆಡುತ್ತಾರೆ. ಪರಾಗವು ಸಾಲಿನಿಂದ ಸಾಲಿಗೆ ಹೋಗಬೇಕು. ಅದು ಅಂಟುಸ್ವಭಾವದ ಪರಾಗ. ಗಾಳಿಯಿಂದ ಈ ಕೆಲಸವಾಗದು. ಇನ್ನೂ ಒಂದು ಮಾತುಂಟು. ಸೇಬಿನ ಮರದಲ್ಲಿ ಹೂಗಳೆಲ್ಲ ಕಾಯಾದರೆ ಹಣ್ಣು ಸಣ್ಣದಾಗುವುದೆಂದು ಕೆಲವನ್ನು ಕಿತ್ತುಹಾಕುವುದುಂಟು. ಬಾದಾಮಿಯಲ್ಲಾದರೋ ನಾವು ತಿನ್ನುವುದು ಹಣ್ಣಿನ ತಿರುಳನ್ನಲ್ಲ, ಬೀಜವನ್ನೇ. ಬೀಜ ಕಟ್ಟದ ಹೂವು ಉದುರಿಹೋಗುತ್ತದೆ. ಸಾಧ್ಯವಾದಷ್ಟು ಹೂಗಳೂ ಕಾಯಾಗಲೆಂಬುದೇ ತೋಟಗಾರನ ಆಸೆ.

ಎಕರೆಗೆ ಎರಡು ಜೇನುಪೆಟ್ಟಿಗೆ ಬೇಕೆಂಬುದು ಅಲ್ಲಿಯ ಲೆಕ್ಕ. ಇಡೀ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಾಕಿದ ಜೇನು ಕುಟುಂಬಗಳು ಸುಮಾರು ೨೬ ಲಕ್ಷ; ಅವುಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದವು ಫೆಬ್ರವರಿಯಲ್ಲಿ ಈ ಒಂದು ಕಣಿವೆಗೆ ಬಂದು ಸೇರಬೇಕು. ಫ್ಲಾರಿಡದಿಂದ, ಟೆಕ್ಸಸ್ಸಿನಿಂದ, ಉತ್ತರದ ಡಕೋಟ ಪ್ರಾಂತಗಳಿಂದ, ಒಂದೊಂದು ಲಾರಿಯಲ್ಲಿ ನಾನೂರರಷ್ಟು ಪೆಟ್ಟಿಗೆಗಳನ್ನು ಪೇರಿಸಿ, ಮೇಲೆ ಬಲೆ ಹೊದಿಸಿ, ಸಾವಿರಾರು ಮೈಲಿ ಸಾಗಿಸುತ್ತಾರೆ. ಪೆಟ್ಟಿಗೆಯೊಂದರ ಬಾಡಿಗೆ ೨೦೦೦ದ ಸುಮಾರಿನಲ್ಲಿ ೪೦ ಡಾಲರುಗಳ ಆಸುಪಾಸಿನಲ್ಲಿದ್ದುದು ಈಗ ೨೦೦ ಡಾಲರುಗಳ ಸಮೀಪಕ್ಕೆ ಏರಿದೆ. ಅಲ್ಲಿಯ ಜೇನುಸಾಕಣೆಗಾರರಲ್ಲಿ ಅನೇಕರಿಗೆ ಜೇನುತುಪ್ಪಕ್ಕಿಂತ ಈ ಬಾಡಿಗೆಯೇ ಮುಖ್ಯವಾದ ವರಮಾನ. ಬಾದಾಮಿಯ ಹೂವಿನ ಜೇನು ಕಹಿಯಾಗಿರುವುದರಿಂದ ಅದನ್ನು ಮಾರುವ ಗೋಜಿಗೆ ಅವರು ಹೋಗದೆ ನೊಣಗಳಿಗೇ ಬಿಟ್ಟುಬಿಡುತ್ತಾರೆ.

ಸೋಜಿಗವೆಂದರೆ ಇಲ್ಲಿ ಮರವೂ ಪರದೇಶಿ, ನೊಣವೂ ಪರದೇಶಿ. ಬಾದಾಮಿಯ ಮೂಲ ಏಷ್ಯದ ಪಶ್ಚಿಮ ಮತ್ತು ಮಧ್ಯಭಾಗಗಳು. ಜೇನ್ನೊಣವನ್ನು ಯೂರೋಪಿನ ವಲಸೆಗಾರರು ೧೬೨೨ರಲ್ಲಿ ವರ್ಜೀನಿಯಕ್ಕೆ ಹಡಗಿನಲ್ಲಿ ತಂದರು. ಅದಕ್ಕೆ ಮೊದಲು ಅಮೆರಿಕ ಖಂಡದಲ್ಲಿ ಈ ಜಾತಿಯ ನೊಣವಿರಲಿಲ್ಲ. ಮೂರನೆಯ ಪರದೇಶಿಯೊಂದರ ಮಾತು ಮುಂದೆ ಬರುತ್ತದೆ.

ಪೆಟ್ಟಿಗೆಯನ್ನು ತೋಟದಲ್ಲಿ ತಂದಿರಿಸಿದ ಮಾತ್ರಕ್ಕೆ ಕೆಲಸವಾಯಿತೆನ್ನುವಂತಿಲ್ಲ. ಫೆಬ್ರವರಿ ಅಲ್ಲಿ ಚಳಿಗಾಲದ ಕೊನೆ. ಉಷ್ಣತೆ ಸೆಂಟಿಗ್ರೇಡಿನ ೧೩ ಡಿಗ್ರಿಗಿಂತ ಕಡಮೆಯಾದರೆ ಜೇನ್ನೊಣ ಹೊರಡುವುದು ಅಪರೂಪ. ಮಳೆ ಬಂದರೂ ಗಾಳಿ ಬಿರುಸಾದರೂ ಗೂಡಿನಲ್ಲೇ ಉಳಿಯುತ್ತದೆ. ಅರಳಿದ ಹೂವಾದರೋ ಕೆಲವೇ ದಿನಗಳವರೆಗೆ ಪರಾಗವನ್ನು ಸ್ವೀಕರಿಸಬಲ್ಲದು. ಗೂಡಿನ ನಡುವೆ ಮರಿಗಳಿರುವ ಎಡೆಯನ್ನು ನೊಣಗಳು ೩೪-೩೫ ಡಿಗ್ರಿಯ ಬಿಸುಪಿನಲ್ಲಿ ಇಟ್ಟುಕೊಳ್ಳಬೇಕು. ಸಣ್ಣ ಕುಟುಂಬದಲ್ಲಿ ಬಹುಪಾಲು ನೊಣಗಳು ಈ ಬಿಸಿ ಕಾಯುವ ಕೆಲಸದಲ್ಲೇ ತೊಡಗಿರುತ್ತವೆ. ಹೊರಗೆ ಹೋಗುವುವು ಬೆರಳೆಣಿಕೆಯಷ್ಟು. ದೊಡ್ಡ ಕುಟುಂಬದಲ್ಲಿ ಮನೆವಾರ್ತೆಗೆ ಬೇಕಾದವರು ಉಳಿದು ಮಿಕ್ಕವರೆಲ್ಲ ಹೊರಡಬಹುದು. ಆದುದರಿಂದ ನಾಲ್ಕು ಚೌಕಟ್ಟು ನೊಣಗಳಿರುವ ಎರಡು ಪೆಟ್ಟಿಗೆಗಳು ಎಂಟು ಚೌಕಟ್ಟಿನ ಒಂದು ಪೆಟ್ಟಿಗೆಗೆ ಸಮವಾಗಲಾರವು. ಬಾಡಿಗೆಯ ಕರಾರಿನಲ್ಲಿ ಎಂಟು ಚೌಕಟ್ಟಿನ ಷರತ್ತನ್ನು ಬರೆಯುವುದೂ, ಪರೀಕ್ಷಕರು ಬಂದು ಪೆಟ್ಟಿಗೆಗಳನ್ನು ತೆರೆದು ಎಣಿಸುವುದೂ ಇದಕ್ಕಾಗಿಯೇ.

ಇನ್ನು ಸಾಲಿನ ತೊಡಕು. ಜೇನ್ನೊಣ ಮಿತವ್ಯಯಿ, ಒಂದು ಮರದಲ್ಲಿ ಬೇಕಾದಷ್ಟು ಸಿಕ್ಕುತ್ತಿರುವಾಗ ಪಕ್ಕದ ಸಾಲಿಗೆ ಹಾರುವ ಶ್ರಮವನ್ನು ಅದೇಕೆ ವಹಿಸೀತು? ಅದೇ ಮರದಲ್ಲಿ, ಹೆಚ್ಚೆಂದರೆ ಅದೇ ಸಾಲಿನ ಮುಂದಿನ ಮರದಲ್ಲಿ, ಸುತ್ತುತ್ತಿರುತ್ತದೆ. ನೊಣಕ್ಕೆ ಅದು ಲಾಭ, ತೋಟಗಾರನಿಗೆ ನಷ್ಟ. ಕ್ಯಾಲಿಫೋರ್ನಿಯದಲ್ಲಿ ಕ್ಲೇರ್ ಬ್ರಿಟನ್ ಮತ್ತು ಅವರ ಸಹೋದ್ಯೋಗಿಗಳು ಈ ವಿಷಯದ ಮೇಲೆ ನಡೆಸಿದ ಪ್ರಯೋಗಗಳು ೨೦೧೩ರಲ್ಲಿ ಪ್ರಕಟವಾದುವು. ಜೇನ್ನೊಣವು ಒಂದೇ ಒಂದು ಬಾರಿ ಕುಳಿತೆದ್ದ ಹೂಗಳನ್ನು ಕಿತ್ತು, ಅವುಗಳ ಶಲಾಕೆಯಲ್ಲಿ ಎಷ್ಟು ಪರಾಗನಾಳಗಳು ಬೆಳೆದಿವೆಯೆಂದು ಅವರು ಸೂಕ್ಷ್ಮದರ್ಶಕದಲ್ಲಿ ಎಣಿಸಿದರು. ಕಾಡಿನ ಇತರ ಜಾತಿಯ ನೊಣಗಳೂ ಬರುತ್ತಿದ್ದ ತೋಟಗಳಲ್ಲಿ ಜೇನ್ನೊಣದ ಒಂದೊಂದು ಭೇಟಿಯೂ ಹೆಚ್ಚು ಫಲಕಾರಿಯಾಗಿದ್ದುದು ಕಂಡುಬಂದಿತು. ಅನ್ಯಜಾತಿಯ ನೊಣಗಳ ನಡುವೆ ಜೇನ್ನೊಣವು ಒಂದೆಡೆ ನಿಲ್ಲದೆ ಸಾಲಿನಿಂದ ಸಾಲಿಗೆ ಹೆಚ್ಚಾಗಿ ಹಾರುತ್ತದೆ. ಬಲೆಯ ಪಂಜರಗಳೊಳಗೆ ಮರಗಳನ್ನಿಟ್ಟು, ಜೇನ್ನೊಣಗಳ ಜೊತೆಗೆ ಆಸ್ಮಿಯ ಎಂಬ ನೀಲಿಬಣ್ಣದ ಒಂಟಿನೊಣವನ್ನು ಬಿಟ್ಟಾಗಲೂ ಇದೇ ಫಲ. ಕಾಡುನೊಣ ತಾನು ಮಾಡುವ ಕೆಲಸಕ್ಕಿಂತ ಜೇನ್ನೊಣದಿಂದ ಮಾಡಿಸುವ ಕೆಲಸವೇ ಹೆಚ್ಚೆಂದಾಯಿತು! ಆದರೆ ಕಣ್ಣು ಹಾಯುವವರೆಗೂ ಬಾದಾಮಿಯೊಂದನ್ನೇ ನೆಟ್ಟು, ನೆಲದ ಮೇಲಿನ ಕಳೆಯನ್ನೆಲ್ಲ ನಿರ್ಮೂಲ ಮಾಡಿದ ತೋಟಗಳಲ್ಲಿ ಕಾಡುನೊಣಗಳು ಬದುಕುವುದಾದರೂ ಹೇಗೆ? ವರ್ಷದ ಹನ್ನೊಂದು ತಿಂಗಳು ಅವುಗಳಿಗೆ ಅಲ್ಲಿ ಆಹಾರವಿಲ್ಲ. ಇತ್ತೀಚೆಗೆ ಕೆಲವರು ಸಾಲುಗಳ ನಡುವೆ ಸಾಸಿವೆಯ ಜಾತಿಯ ಗಿಡಗಳನ್ನು ಬಿತ್ತತೊಡಗಿದ್ದಾರೆ.

ಹೀಗೆ ಒಂದು ದೊಡ್ಡ ಬೆಳೆಯೆಲ್ಲವೂ ಒಂದೇ ಕೀಟವನ್ನು ನಂಬಿಕೊಂಡಿರುವಾಗ ಆ ಕೀಟಕ್ಕೆ ಅಪಾಯ ಬಂದರೆ ಏನು ಗತಿ? ೨೦೦೬ರ ನವೆಂಬರಿನಲ್ಲಿ ಡೇವಿಡ್ ಹ್ಯಾಕೆನ್‌ಬರ್ಗ್ ಎಂಬ ಜೇನುಸಾಕಣೆಗಾರನು ಫ್ಲಾರಿಡದಲ್ಲಿ ತಾನಿರಿಸಿದ್ದ ನಾನೂರರಷ್ಟು ಪೆಟ್ಟಿಗೆಗಳನ್ನು ನೋಡಲು ಹೋದಾಗ ಅವುಗಳಲ್ಲಿ ಬಹುಪಾಲು ಬರಿದಾಗಿದ್ದುವು. ಗೂಡಿನಲ್ಲಿ ಜೇನಿತ್ತು, ಪರಾಗವಿತ್ತು, ಮರಿಗಳಿದ್ದುವು. ಬೆಳೆದ ನೊಣಗಳು ಮಾತ್ರ ಇರಲಿಲ್ಲ. ಸತ್ತು ಬಿದ್ದ ನೊಣಗಳನ್ನು ಹುಡುಕಿದರೆ ನೆಲದ ಮೇಲೂ ಕಾಣವು. ಆ ಚಳಿಗಾಲದಲ್ಲಿ ಅಮೆರಿಕದ ಹಲವು ಪ್ರಾಂತಗಳಿಂದ ಇಂತಹ ವರದಿಗಳೇ ಬಂದುವು. ಕುಟುಂಬ ಕುಸಿತದ ವ್ಯಾಧಿಯೆಂದು ಅದಕ್ಕೆ ಹೆಸರಿಟ್ಟರು. ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿದಂತಾಗುವುದಿಲ್ಲವಷ್ಟೆ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. ೨೦೦೭ರಲ್ಲಿ ವಿಜ್ಞಾನಿಗಳು ಕುಸಿದ ಕುಟುಂಬಗಳನ್ನೂ ಆರೋಗ್ಯವಾಗಿದ್ದವನ್ನೂ ಹೋಲಿಸಿ ನೋಡಿ, ಇಸ್ರೇಲಿನಲ್ಲಿ ಮೊದಲು ಗುರುತಿಸಲಾಗಿದ್ದ ಒಂದು ವೈರಸ್ಸು ಕುಸಿದವುಗಳಲ್ಲಿ ಹೆಚ್ಚಾಗಿರುವುದನ್ನು ಕಂಡರು. ಅಪರಾಧಿ ಸಿಕ್ಕಿದನೆಂದು ಪತ್ರಿಕೆಗಳು ಬರೆದುವು. ಆದರೆ ಶೈತ್ಯಾಗಾರದಲ್ಲಿ ಕಾಪಾಡಿದ್ದ ಹಳೆಯ ನೊಣಗಳನ್ನು ಪರೀಕ್ಷಿಸಿದಾಗ ಆ ವೈರಸ್ಸು ೨೦೦೨ರಲ್ಲೇ ಅಮೆರಿಕದಲ್ಲಿದ್ದುದು ತಿಳಿದುಬಂದಿತು. ನಾಲ್ಕು ವರ್ಷ ಸುಮ್ಮನಿದ್ದವನು ಒಬ್ಬನೇ ಈ ಅನಾಹುತವನ್ನು ಮಾಡಿದನೆಂದು ನಂಬುವುದು ಕಷ್ಟ. ಎರಡು ಸಂಗತಿಗಳು ಜೊತೆಯಲ್ಲಿ ಕಾಣಿಸಿಕೊಂಡರೆ ಒಂದು ಇನ್ನೊಂದಕ್ಕೆ ಕಾರಣವೆಂದಾಗದು; ದುರ್ಬಲವಾದ ಕುಟುಂಬದಲ್ಲಿ ಯಾವ ವೈರಸ್ಸಾದರೂ ಹೆಚ್ಚಬಹುದು. ಇಂದು ಬಹುಮಂದಿ ಸಂಶೋಧಕರು ಹೇಳುವುದು ಒಂದೇ ಕಾರಣವಲ್ಲ, ಹಲವು ಕಾರಣಗಳ ಕೂಟವೆಂದು: ನುಸಿ, ಅದು ಹರಡುವ ವೈರಸ್ಸುಗಳು, ಪೌಷ್ಟಿಕ ಆಹಾರದ ಕೊರತೆ, ಕೀಟನಾಶಕಗಳು.

ಇವುಗಳಲ್ಲಿ ನುಸಿಗೇ ಮೊದಲ ಸ್ಥಾನ ಸಲ್ಲಬೇಕು. ನಾನು ಮೇಲೆ ಹೇಳಿದ ಮೂರನೆಯ ಪರದೇಶಿ ಇದೇ. ಇದರ ಹೆಸರು ವರೋವ. ಕೆಂಗಂದು ಬಣ್ಣದ, ಚಪ್ಪಟೆಯಾದ, ಒಂದೂವರೆ ಮಿಲಿಮೀಟರು ಅಗಲದ ಈ ಜೀವಿ ಜೇನ್ನೊಣದ ಮೈಗೆ ಅಂಟಿಕೊಂಡಿರುತ್ತದೆ. ನಮ್ಮ ದೇಹಕ್ಕೆ ತಟ್ಟೆಯಗಲದ ಉಣ್ಣೆಯೊಂದು ಕಚ್ಚಿಕೊಂಡಿದ್ದರೆ ಹೇಗಿರುತ್ತದೆಯೋ ಹಾಗೆ. ಇದರ ಮೂಲ ಆಶ್ರಯ ಏಷ್ಯದ ಜೇನ್ನೊಣ. ಎಂದರೆ ನಮ್ಮ ಮಲೆನಾಡಿನವರು ಪೆಟ್ಟಿಗೆಯಲ್ಲಿ ಸಾಕುವ ತುಡುವೆಯ ಜಾತಿ. ತುಡುವೆಗೂ ನುಸಿಗೂ ಎಷ್ಟೋ ಸಹಸ್ರ ವರ್ಷಗಳ ಸಹವಾಸವಾದುದರಿಂದ ಅವೆರಡರ ನಡುವೆ ಒಂದು ಬಗೆಯ ಒಪ್ಪಂದವಿದೆ. ತುಡುವೆಯ ಗೂಡಿನಲ್ಲಿ ನುಸಿಯು ಗಂಡುನೊಣದ ಮರಿಗಳಿರುವ ಕೋಶಗಳಲ್ಲಿ ಮಾತ್ರವೇ ಸಾಮಾನ್ಯವಾಗಿ ವಂಶ ಬೆಳೆಸಬಲ್ಲದು. ನೊಣಗಳು ಒಂದನ್ನೊಂದು ಶುಚಿಮಾಡಿಕೊಂಡು ನುಸಿಗಳನ್ನು ತೆಗೆದುಹಾಕುವುದೂ ಉಂಟು. ಇಪ್ಪತ್ತನೆಯ ಶತಮಾನದಲ್ಲಿ ಯೂರೋಪಿನ ಜೇನ್ನೊಣವನ್ನು ಏಷ್ಯದ ಪೂರ್ವಭಾಗಗಳಿಗೆ ಒಯ್ದು ಎರಡು ಜಾತಿಗಳನ್ನು ಅಕ್ಕಪಕ್ಕದಲ್ಲಿ ಸಾಕಿದಾಗ ನುಸಿ ಹೊಸ ಮನೆಗೆ ದಾಟಿತು. ಅಲ್ಲಿ ಅದಕ್ಕೆ ತಡೆಯೇ ಇರಲಿಲ್ಲ. ೧೯೮೭ರಲ್ಲಿ ಅದು ಅಮೆರಿಕದಲ್ಲಿ ಕಾಣಿಸಿಕೊಂಡಿತು. ವರೋವದ ಹಲವು ಬಗೆಗಳನ್ನು ಬೇರ್ಪಡಿಸಿ, ಯೂರೋಪಿನ ನೊಣವನ್ನು ಕಾಡುವ ಜಾತಿಗೆ ೨೦೦೦ದಲ್ಲಿ ‘ಡಿಸ್ಟ್ರಕ್ಟರ್’, ಎಂದರೆ ವಿನಾಶಕ, ಎಂಬ ಹೆಸರನ್ನಿಟ್ಟರು. ಅನ್ವರ್ಥನಾಮವೆಂದರೆ ಇದು.

ನುಸಿಯ ಕಾರ್ಯಕ್ರಮ ಬಹು ಚಮತ್ಕಾರವಾದುದು. ಮರಿಹುಳು ಬೆಳೆದು, ಕೆಲಸಗಾರ ನೊಣಗಳು ಅದರ ಕೋಶಕ್ಕೆ ಮೇಣದ ಮುಚ್ಚಳವನ್ನು ಹಾಕುವ ಸ್ವಲ್ಪ ಮುಂಚೆ ತಾಯಿನುಸಿ ಒಳಗೆ ನುಗ್ಗಿ ಅಡಗಿಕೊಳ್ಳುತ್ತದೆ. ಮುಚ್ಚಳ ಬಿದ್ದಮೇಲೆ ಮೊದಲು ಒಂದು ಗಂಡುಮೊಟ್ಟೆಯನ್ನೂ ಅನಂತರ ಒಂದಾದಮೇಲೊಂದು ಹೆಣ್ಣುಮೊಟ್ಟೆಗಳನ್ನೂ ಇಡುತ್ತದೆ. ಅಣ್ಣತಂಗಿಯರು ಆ ಕತ್ತಲೆಯ ಕೋಣೆಯಲ್ಲೇ ಕೂಡುತ್ತಾರೆ. (ಬಾದಾಮಿಯ ಮರ ಒಪ್ಪದ ಸಂಬಂಧ ನುಸಿಗೆ ಸಮ್ಮತ!) ಹನ್ನೆರಡು ದಿನಗಳಾದ ಮೇಲೆ ಹೊಸ ನೊಣ ಮುಚ್ಚಳವನ್ನು ಕಡಿದು ಹೊರಗೆ ಬರುವಾಗ ತಾಯಿನುಸಿಯೂ ಬಲಿತ ಹೆಣ್ಣುಮರಿಗಳೂ ಅದರೊಡನೆ ಹೊರಬೀಳುತ್ತವೆ. ಇಂತಹ ನೊಣಗಳಲ್ಲಿ ಕೆಲವಕ್ಕೆ ರೆಕ್ಕೆಗಳು ಮುರುಟಿಕೊಂಡಿರುತ್ತವೆ; ನುಸಿಯ ಬಾಯಿಂದ ಹೊಕ್ಕ ವೈರಸ್ಸಿನ ಫಲ ಅದು. ಹಾರಲಾರದ ನೊಣ ಗೂಡಿಗೂ ಬೇಡ, ತೋಟಕ್ಕೂ ಬೇಡ.

ನುಸಿಯು ಜೇನ್ನೊಣದ ರಕ್ತವನ್ನು ಹೀರುತ್ತದೆಯೆಂದು ಅನೇಕ ವರ್ಷಗಳವರೆಗೆ ಎಲ್ಲ ಪುಸ್ತಕಗಳಲ್ಲೂ ಬರೆಯುತ್ತಿದ್ದರು. ಮೇರಿಲೆಂಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಸ್ಯಾಮ್ಯುಯಲ್ ರಾಮ್ಸೆ ಎಂಬಾತನಿಗೆ ಇದರಲ್ಲಿ ಸಂಶಯ ಬಂದಿತು. ಕೀಟಗಳ ರಕ್ತ ನೀರುನೀರಾದುದು. ಅದನ್ನು ಕುಡಿದು ಬದುಕುವ ಪ್ರಾಣಿಗೆ ಇರಬೇಕಾದ ಅಂಗರಚನೆ ನುಸಿಗೆ ಇದ್ದಂತೆ ತೋರಲಿಲ್ಲ. ಆತ ಎರಡು ಬಣ್ಣಗಳನ್ನು ತೆಗೆದುಕೊಂಡನು. ಒಂದು ರಕ್ತದಲ್ಲಿ ಬೆರೆತು ಹೊಳೆಯುವಂತಹುದು. ಇನ್ನೊಂದು ಕೊಬ್ಬಿಗೆ ಹತ್ತಿ ಕೆಂಪಗೆ ಹೊಳೆಯುವಂತಹುದು. ಎರಡನ್ನೂ ಜೇನ್ನೊಣಗಳಿಗೆ ಉಣಿಸಿ, ಅವುಗಳ ಮೇಲೆ ನುಸಿಗಳನ್ನು ಬಿಟ್ಟು, ಅನಂತರ ನುಸಿಯ ಹೊಟ್ಟೆಯಲ್ಲಿ ಯಾವ ಬಣ್ಣವಿದೆಯೆಂದು ನೋಡಿದನು. ಕಂಡದ್ದು ಮುಖ್ಯವಾಗಿ ಕೊಬ್ಬಿನ ಬಣ್ಣ. ೨೦೧೯ರಲ್ಲಿ ಪ್ರಕಟವಾದ ಈ ಸರಳ ಪ್ರಯೋಗವು ಬೆಳೆದ ನೊಣದ ಮೈಮೇಲೆ ನುಸಿಯ ಆಹಾರ ನೊಣದ ಮೇದಸ್ಸಿನ ಅಂಗವೆಂದು ತೋರಿಸಿತು. ಈ ಅಂಗ ನಮ್ಮ ಯಕೃತ್ತಿನಂತಹುದು: ಆಹಾರವನ್ನು ಕೂಡಿಡುವುದು, ವಿಷವನ್ನು ನಿವಾರಿಸುವುದು, ರೋಗವನ್ನು ಎದುರಿಸುವುದು, ಎಲ್ಲವೂ ಅದರ ಕೆಲಸ. ನುಸಿ ಹಿಡಿದ ನೊಣ ಚಳಿಗಾಲವನ್ನು ದಾಟಲಾರದೆಯೂ, ಅಲ್ಪಸ್ವಲ್ಪ ಕೀಟನಾಶಕವನ್ನು ತಾಳಲಾರದೆಯೂ ಇರುವುದಕ್ಕೆ ಇದರಿಂದ ಅರ್ಥ ದೊರೆಯಿತು.

ನುಸಿಯನ್ನು ಕೊಲ್ಲಲು ಗೂಡಿನೊಳಗೆ ಮದ್ದಿನ ಪಟ್ಟಿಗಳನ್ನು ತೂಗಹಾಕುತ್ತಾರೆ. ನುಸಿಯೂ ನೊಣವೂ ಸಂಧಿಪದಿಗಳೇ. ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ಮದ್ದು ಸುಲಭವಲ್ಲ. ಮೊದಲು ಫ್ಲುವಲಿನೇಟ್ ಬಂದಿತು. ೧೯೯೦ರ ದಶಕದ ಕೊನೆಯ ವೇಳೆಗೆ ಅದಕ್ಕೆ ಬಗ್ಗದ ನುಸಿಗಳು ಹುಟ್ಟಿಕೊಂಡುವು. ಅನಂತರ ಕೌಮಫಾಸ್, ಅದರ ಗತಿಯೂ ಅದೇ. ಆಮೇಲೆ ಅಮಿಟ್ರಾಜ್. ೨೦೨೪-೨೫ರ ಚಳಿಗಾಲದಲ್ಲಿ ಅಮೆರಿಕದ ದೊಡ್ಡ ಜೇನುಸಾಕಣೆಗಾರರು ತಮ್ಮ ಕುಟುಂಬಗಳಲ್ಲಿ ನೂರಕ್ಕೆ ೬೦ರಷ್ಟನ್ನು ಕಳೆದುಕೊಂಡರೆಂದು ಸಮೀಕ್ಷೆಯೊಂದು ತಿಳಿಸಿತು; ಬಾದಾಮಿಯ ಹೂ ಅರಳುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆಗಳು ಬರಿದಾಗಿದ್ದುವು. ಅಲ್ಲಿಯ ಕೃಷಿ ಇಲಾಖೆಯ ವಿಜ್ಞಾನಿಗಳು ಸತ್ತ ಕುಟುಂಬಗಳನ್ನು ಪರೀಕ್ಷಿಸಿ, ರೆಕ್ಕೆ ಮುರುಟಿಸುವ ವೈರಸ್ಸನ್ನೂ ಅದರ ಜೊತೆಗಾರರನ್ನೂ ಅಪಾರ ಪ್ರಮಾಣದಲ್ಲಿ ಕಂಡರು. ಪರೀಕ್ಷಿಸಿದ ನುಸಿಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಅಮಿಟ್ರಾಜನ್ನು ಎದುರಿಸಬಲ್ಲ ಗುಣವನ್ನು ಹೊಂದಿದ್ದುವು. ದೇಶದ ನೊಣಗಳೆಲ್ಲವೂ ವರ್ಷಕ್ಕೊಮ್ಮೆ ಒಂದೇ ಕಣಿವೆಯಲ್ಲಿ ಜಾತ್ರೆ ಸೇರುವುದರಿಂದ ಒಂದು ಪೆಟ್ಟಿಗೆಯ ರೋಗ ಇನ್ನೊಂದಕ್ಕೆ ದಾಟುವುದೂ ಸುಲಭ.

ನಮ್ಮ ನಾಡಿನವರಿಗೆ ಇಂತಹ ನಷ್ಟ ಅಪರಿಚಿತವಲ್ಲ. ೧೯೯೧-೯೨ರ ಸುಮಾರಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಹರಡಿ, ಕೊಡಗಿನಲ್ಲೂ ದಕ್ಷಿಣ ಕನ್ನಡದಲ್ಲೂ ತುಡುವೆಯ ಪೆಟ್ಟಿಗೆಗಳು ಸಾಲುಸಾಲಾಗಿ ಬರಿದಾದುದನ್ನು ನೆನೆಯುವ ಹಿರಿಯರು ಇನ್ನೂ ಇದ್ದಾರೆ. ನುಸಿಗೆ ಜಗ್ಗದ ತುಡುವೆ ವೈರಸ್ಸಿಗೆ ಸೋತಿತು.

ಮದ್ದಿಗಿಂತ ನೊಣದ ಗುಣವನ್ನೇ ನಂಬುವುದು ಮೇಲೆಂಬ ಪಂಗಡವೊಂದಿದೆ. ನನ್ನ ಒಲವೂ ಅತ್ತಕಡೆಯೇ. ಇದರ ಬುನಾದಿ ೧೯೬೪ರಲ್ಲಿ ರೊಥೆನ್‌ಬುಹ್ಲರ್ ಎಂಬ ಅಮೆರಿಕದ ವಿಜ್ಞಾನಿ ಪ್ರಕಟಿಸಿದ ಪ್ರಯೋಗ. ಮರಿಗಳು ರೋಗದಿಂದ ಸತ್ತಾಗ ಕೆಲವು ವಂಶದ ಜೇನ್ನೊಣಗಳು ಮುಚ್ಚಳವನ್ನು ತೆರೆದು ಹೆಣವನ್ನು ಹೊರಗೆಸೆಯುತ್ತವೆ. ಕೆಲವು ವಂಶದವು ಹಾಗೆಯೇ ಬಿಡುತ್ತವೆ. ಎರಡನ್ನೂ ಕೂಡಿಸಿ, ಆ ಸಂತಾನವನ್ನು ಮತ್ತೆ ಶುಚಿವಂಶದೊಡನೆ ಕೂಡಿಸಿ ೨೯ ಕುಟುಂಬಗಳನ್ನು ಆತ ಪಡೆದನು. ೬ ಕುಟುಂಬಗಳು ಎರಡು ಕೆಲಸಗಳನ್ನೂ ಮಾಡಿದುವು. ೯ ಕುಟುಂಬಗಳು ಮುಚ್ಚಳವನ್ನು ತೆರೆದುವು, ಹೆಣವನ್ನು ಮುಟ್ಟಲಿಲ್ಲ. ಉಳಿದ ೧೪ ಮುಚ್ಚಳವನ್ನೇ ತೆರೆಯಲಿಲ್ಲ. ಇಷ್ಟಕ್ಕೆ ನಿಲ್ಲದೆ ಆತ ಈ ಹದಿನಾಲ್ಕರಲ್ಲಿ ತಾನೇ ಮುಚ್ಚಳಗಳನ್ನು ತೆರೆದುಕೊಟ್ಟನು. ೬ ಕುಟುಂಬಗಳು ಕೂಡಲೆ ಹೆಣಗಳನ್ನು ಎಳೆದುಹಾಕಿದುವು! ತೆರೆಯುವುದಕ್ಕೊಂದು, ತೆಗೆಯುವುದಕ್ಕೊಂದು ಪ್ರತ್ಯೇಕ ಆನುವಂಶಿಕ ಗುಣವೆಂದು ಆತ ತರ್ಕಿಸಿದನು. ಇನ್ನೂ ಹೆಚ್ಚು ಜೀನುಗಳು ಇದರಲ್ಲಿ ಸೇರಿವೆಯೆಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಈಗ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಮಾರ್ಲ ಸ್ಪಿವಾಕ್ ಮೊದಲಾದವರು ಎರಿಯ ಒಂದು ಭಾಗದಲ್ಲಿ ದ್ರವನೈಟ್ರೊಜನ್ನನ್ನು ಸುರಿದು ಮರಿಗಳನ್ನು ಕೊಂದು, ಒಂದು ದಿನದಲ್ಲಿ ಎಷ್ಟನ್ನು ತೆಗೆದುಹಾಕಿವೆಯೆಂದು ಎಣಿಸಿ, ಚುರುಕಾದ ಕುಟುಂಬಗಳಿಂದ ರಾಣಿಯರನ್ನು ಆರಿಸುತ್ತಾರೆ. ನುಸಿಯಿರುವ ಕೋಶಗಳನ್ನೇ ಮೂಸಿ ತೆರೆಯುವ ವಂಶಗಳನ್ನೂ ಬೆಳೆಸಿದ್ದಾರೆ. ಆದರೆ ರಾಣಿಯು ಆಕಾಶದಲ್ಲಿ ಹತ್ತಾರು ಗಂಡುನೊಣಗಳೊಡನೆ ಕೂಡುವುದರಿಂದ ಈ ಗುಣವನ್ನು ಉಳಿಸಿಕೊಳ್ಳುವುದು ಹಸುವಿನ ತಳಿಯಷ್ಟು ಸುಲಭವಲ್ಲ.

ಇನ್ನು ಸಿಂಪಡಿಕೆಯ ವಿಷಯ. ೨೦೧೪ರ ಹೂವಿನ ಕಾಲದಲ್ಲಿ ಬಾದಾಮಿಯ ತೋಟಗಳಲ್ಲಿದ್ದ ಸುಮಾರು ೮೦,೦೦೦ ಕುಟುಂಬಗಳು ಹಾನಿಗೊಂಡುವೆಂದು ಅಂದಾಜು. ಬೂಷ್ಟು ಹಿಡಿಯದಂತೆ ಸಿಂಪಡಿಸುವ ಔಷಧಗಳು ಜೇನ್ನೊಣಕ್ಕೆ ನಿರಪಾಯವೆಂದು ಎಣಿಸಿದ್ದರು. ಅದೇ ನೀರಿನಲ್ಲಿ ಕೀಟನಾಶಕವನ್ನೂ ಬೆರೆಸಿ ಒಂದೇ ಸುತ್ತಿನಲ್ಲಿ ಕೆಲಸ ಮುಗಿಸುವ ರೂಢಿಯಿತ್ತು. ಒಹಾಯೊ ವಿಶ್ವವಿದ್ಯಾನಿಲಯವೊಂದರ ಸಂಶೋಧಕರು ಈ ಮಿಶ್ರಣಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಬೇರೆಬೇರೆಯಾಗಿ ಅಷ್ಟು ಕೆಡುಕುಮಾಡದ ಎರಡು ವಸ್ತುಗಳು ಕೂಡಿದಾಗ ಹೆಚ್ಚು ಮಾರಕವಾಗುವುದನ್ನು ೨೦೧೯ರಲ್ಲಿ ವರದಿಮಾಡಿದರು. ಕೆಲವು ಬೂಷ್ಟುನಾಶಕಗಳು ವಿಷವನ್ನು ಒಡೆದುಹಾಕುವ ನೊಣದ ಕಿಣ್ವಗಳನ್ನೇ ತಡೆಯುತ್ತವೆ. ಮತ್ತೊಂದು ಕಣ್ತಪ್ಪು ಇನ್ನೂ ವಿಚಿತ್ರವಾದುದು. ಕೀಟದ ಪೊರೆಬಿಡುವ ಕ್ರಿಯೆಯನ್ನು ಕೆಡಿಸುವ ಒಂದು ವರ್ಗದ ಔಷಧಗಳಿವೆ. ಬೆಳೆದ ನೊಣಗಳ ಮೇಲೆ ಅವನ್ನು ಪರೀಕ್ಷಿಸಿದರೆ ಒಂದೂ ಸಾಯದು, ಏಕೆಂದರೆ ಬೆಳೆದ ನೊಣ ಪೊರೆಬಿಡುವುದಿಲ್ಲ. ಅದೇ ಔಷಧ ಪರಾಗದೊಡನೆ ಗೂಡನ್ನು ಸೇರಿ ಮರಿಹುಳುವಿನ ಬಾಯಿಗೆ ಬಿದ್ದಾಗ ಅದರ ನಿಜವಾದ ಗುಣ ಹೊರಬೀಳುತ್ತದೆ. ಬಾದಾಮಿಯ ಪರಾಗವನ್ನು ಜೇನ್ನೊಣಗಳು ಮಧ್ಯಾಹ್ನದೊಳಗೆ ಬಹುಪಾಲು ಸಂಗ್ರಹಿಸಿಬಿಡುತ್ತವೆ. ಆದುದರಿಂದ ಅವಶ್ಯವಾದ ಸಿಂಪಡಿಕೆಯನ್ನು ಸಂಜೆಯ ಮೇಲೆ ಮಾಡಬೇಕು, ಕೀಟನಾಶಕವನ್ನು ಅದರೊಡನೆ ಬೆರೆಸಬಾರದು ಎಂದು ೨೦೧೪ರಿಂದ ಬಾದಾಮಿ ಬೆಳೆಗಾರರ ಮಂಡಳಿಯೇ ಸೂಚನೆ ಕೊಡುತ್ತಿದೆ.

ನೊಣದ ಹಂಗೇ ಬೇಡವೆಂದು ತನ್ನ ಪರಾಗವನ್ನು ತಾನೇ ಒಪ್ಪುವ ತಳಿಗಳನ್ನೂ ಬೆಳೆಸಿದ್ದಾರೆ. ಇಂಡಿಪೆಂಡೆನ್ಸ್, ಎಂದರೆ ಸ್ವಾತಂತ್ರ್ಯ, ಎಂಬುದು ಅವುಗಳಲ್ಲಿ ಒಂದು. ಇದರ ಸ್ವಾತಂತ್ರ್ಯ ಎಷ್ಟೆಂಬುದನ್ನು ೨೦೨೦ರಲ್ಲಿ ಪ್ರಕಟವಾದ ಒಂದು ಪ್ರಯೋಗ ಅಳೆದು ನೋಡಿತು. ಕೆಲವು ಕೊಂಬೆಗಳಿಗೆ ನೊಣಗಳು ನುಸುಳದಂತೆ ಚೀಲ ಕಟ್ಟಿ, ಕೆಲವನ್ನು ತೆರೆದೇ ಬಿಟ್ಟಿದ್ದರು. ಚೀಲದೊಳಗೂ ಕಾಯಿಗಳಾದುವು. ಆದರೆ ಜೇನ್ನೊಣಗಳು ಬಂದುಹೋದ ಕೊಂಬೆಗಳಲ್ಲಿ ಕಾಯಿ ಕಟ್ಟಿದ ಹೂಗಳ ಪ್ರಮಾಣ ನೂರಕ್ಕೆ ೬೦ರಷ್ಟೂ, ಬೀಜದ ಇಳುವರಿ ೨೦ರಷ್ಟೂ ಹೆಚ್ಚಾಗಿದ್ದಿತು. ಹೂವಿನೊಳಗೇ ಇರುವ ಪರಾಗವನ್ನಾದರೂ ಕೇಸರದಿಂದ ಶಲಾಕೆಗೆ ಮುಟ್ಟಿಸಲು ಯಾರಾದರೂ ಬೇಕಷ್ಟೆ. ಈ ತಳಿಯನ್ನು ನೆಟ್ಟವರೂ ಈಗ ಫೆಬ್ರವರಿಯಲ್ಲಿ, ಎಕರೆಗೆ ಎರಡಲ್ಲದಿದ್ದರೂ, ಅದಕ್ಕಿಂತ ಕಡಮೆ ಸಂಖ್ಯೆಯಲ್ಲಿ ಪೆಟ್ಟಿಗೆಗಳನ್ನು ಬಾಡಿಗೆಗೆ ತರಿಸುವುದುಂಟು.